ಒಂಬತ್ತು ಲಕ್ಷದ ಸೀಸನ್, ಹತ್ತೊಂಬತ್ತು ಸಾವಿರದ ನೌಕರಿ

ತಿಂಗಳ ಕೊನೆಗೆ ನನ್ನ ಖಾತೆಗೆ ಬೀಳುವ ಪಿಂಚಣಿ ಕಬಡ್ಡಿಯ ದುಡ್ಡು ಎಂದರೆ ಗಡಿನಾಡು ಕಾಸರಗೋಡಿನ ನಮ್ಮ ವರ್ಕಾಡಿಯ ಹುಡುಗರು ನಗುತ್ತಾರೆ. ಎಂಬತ್ತರ ದಶಕದಲ್ಲಿ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕೊಂದು ನನ್ನನ್ನು ಗುಮಾಸ್ತನಾಗಿ ತೆಗೆದುಕೊಂಡದ್ದು ಲೆಕ್ಕ ಚೆನ್ನಾಗಿ ಬರುತ್ತದೆ ಎಂದಲ್ಲ, ಎಡ ಕಾರ್ನರಿನಲ್ಲಿ ನಿಂತು ರೈಡರನ ಕಾಲು ಹಿಡಿಯಲು ಬರುತ್ತದೆ ಎಂದು. ಬೆಳಿಗ್ಗೆ ಕೌಂಟರು, ಸಂಜೆ ಅಂಗಣ. ಆಟ ಮುಗಿದ ಮೇಲೂ ಸಂಬಳ ಮುಗಿಯಲಿಲ್ಲ. ಭಡ್ತಿ, ಪಿಎಫ್, ಗ್ರಾಚ್ಯುಟಿ, ಎಲ್ಲ ಬಂತು.

ಆ ದಾರಿ ಈಗ ಸಪೂರವಾಗಿದೆ. 2010ರ ಏಪ್ರಿಲ್ 1ರಿಂದ ಸರ್ಕಾರಿ ಬ್ಯಾಂಕು ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್ ಬರೋಡದೊಳಗೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ನಿಗೆ, ಸಿಂಡಿಕೇಟ್ ಕೆನರಾಕ್ಕೆ. ವಿಜಯ ಬ್ಯಾಂಕಿನ ಕಬಡ್ಡಿ ತಂಡ ಆಡಲು ಬಂದರೆ ಊರಿಗೆ ಊರೇ ಗದ್ದೆಗೆ ಇಳಿಯುತ್ತಿತ್ತು. ಈಗಿನ ಹುಡುಗರಿಗೆ ಅದನ್ನೆಲ್ಲ ಹೇಳಿದರೆ ಅಜ್ಜನ ಕಥೆ.

ಅವರ ಕಣ್ಣು ಹರಾಜಿನ ಮೇಲೆ. ತಪ್ಪೇನಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್, 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ. ಪೇಪರಿನಲ್ಲಿ ಬರುವುದು ಈ ಅಂಕಿ. ಹರಾಜಿನ ಕೊನೆಯ ಮೆಟ್ಟಿಲಾದ ಡಿ ವಿಭಾಗದ ಮೂಲ ಬೆಲೆ 9 ಲಕ್ಷ ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ.

ನನ್ನ ತಂಗಿಯ ಮಗನನ್ನು ಹೋದ ವರ್ಷ ಒಂದು ತಂಡ ತೆಗೆದುಕೊಂಡದ್ದು ಅದೇ ಬೆಲೆಗೆ. ಅಳಿಯನ ವ್ಯವಹಾರ ಮಾವ ನೋಡುವುದು ನಮ್ಮ ಕಡೆಯ ಕ್ರಮವಾದ್ದರಿಂದ ಕಾಗದಪತ್ರ ನನ್ನ ಕೈಗೆ ಬಂತು. ಒಪ್ಪಂದದ ಹಣದಲ್ಲಿ ಶೇ. 10 ಟಿಡಿಎಸ್ ಕಡಿತ, ಅಂದರೆ 90 ಸಾವಿರ. ಹೋದದ್ದು ಹೋಯಿತು ಎಂದು ಅವನು ಕೈಬಿಟ್ಟಿದ್ದ. ಹೋಗಿಲ್ಲ ಮಾರಾಯ! 2025–26ರ ಲೆಕ್ಕಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಬೇರೆ ದೊಡ್ಡ ಆದಾಯ ಇಲ್ಲದವನು ರಿಟರ್ನ್ ಹಾಕಿದರೆ ಅಷ್ಟೂ ವಾಪಸು. ಫಾರ್ಮ್ 26ಎಎಸ್ ತೆಗೆದು ತೋರಿಸಿದ ಮೇಲೆಯೇ ಅವನು ನಂಬಿದ್ದು.

ಇನ್ನೊಂದು ಕಾಗದವನ್ನು ಈ ಹುಡುಗರು ಓದುವುದೇ ಇಲ್ಲ, ವಿಮೆಯದ್ದು. ಅಪಘಾತ ಪಾಲಿಸಿಗಳಲ್ಲಿ ಹಲವು ವೃತ್ತಿಪರ ಆಟದಲ್ಲಿ ಆದ ಪೆಟ್ಟನ್ನು ಹೊರಗಿಡುತ್ತವೆ. ಮೊಣಗಂಟು ಹೋದರೆ ಸೀಸನ್ ಹೋಯಿತು, ಆಸ್ಪತ್ರೆಯ ಬಿಲ್ಲೂ ತಲೆಗೆ ಬಂತು. ತಂಡದ ವಿಮೆ ಒಪ್ಪಂದದ ಅವಧಿಗೆ ಮಾತ್ರವೇ ಎಂದು ಸಹಿ ಹಾಕುವ ಮೊದಲು ಕೇಳಬೇಕು.

ನಾನು ಅಳಿಯನೊಡನೆ ಜಗಳಕ್ಕೆ ನಿಂತದ್ದು ಬೇರೆ ವಿಷಯಕ್ಕೆ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಲೆವೆಲ್ 2 ಹುದ್ದೆಯ ಮೂಲ ವೇತನ 19,900. ಅವನಿಗೆ ಅದು ನಗುವ ಮೊತ್ತ. ಡಿಎ, ಮನೆಬಾಡಿಗೆ ಭತ್ಯೆ ಸೇರಿಸಿ, ಭಡ್ತಿ ಬಿಟ್ಟು ಮೂವತ್ತು ವರ್ಷಕ್ಕೆ ಎಳೆದು ತೋರಿಸಿದೆ. ಡಿ ವಿಭಾಗದಲ್ಲಿ ನಾಲ್ಕು ಸೀಸನ್ ಆಡಿದರೂ 36 ಲಕ್ಷ, ಅದೂ ಪ್ರತಿ ಸಲ ಯಾರಾದರೂ ಕರೆದರೆ. ಬರೀ 19,900ನ್ನೇ ಮೂವತ್ತು ವರ್ಷಕ್ಕೆ ಗುಣಿಸಿದರೆ 71 ಲಕ್ಷ ದಾಟುತ್ತದೆ. ಆದರೆ ಆ ಕೋಟಾದ ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ಸರ್ಟಿಫಿಕೇಟೂ ಇತ್ತೀಚಿನ ಎರಡು-ಮೂರು ವರ್ಷದ್ದೇ ಆಗಬೇಕು. ಹಳೆಯದು ಕಪಾಟಿನಲ್ಲಿ ಚೆಂದ, ಅರ್ಜಿಗೆ ಉಪಯೋಗವಿಲ್ಲ. ಹರಾಜಿನವರು ಕರೆಯುವುದೂ ಅದೇ ವಯಸ್ಸಿನಲ್ಲಿ. ನೌಕರಿ ಹಿಡಿದರೆ ಆಟ ಮುಗಿಯಿತು ಎಂದೇನಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ ರೈಲ್ವೆ ನೌಕರಿಯಲ್ಲಿದ್ದೇ ಭಾರತ ತಂಡದ ನಾಯಕಿಯಾದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು.

ಕಾಲೇಜಿನ ಸೀಟಿಗೂ ಬೆಲೆ ಕಟ್ಟಬೇಕು. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾ ದತ್ತು ಯೋಜನೆಯಲ್ಲಿ ಊಟ, ವಸತಿ, ಶಿಕ್ಷಣ ಕೊಡುತ್ತವೆ. ಅದು ಆಟಗಾರನ ಮೊದಲ ಸಂಬಳ, ಚೆಕ್ಕಿನಲ್ಲಿ ಬರುವುದಿಲ್ಲ ಅಷ್ಟೇ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದರೆ ಕೈಖರ್ಚಿಗೆಂದೇ ವರ್ಷಕ್ಕೆ 1.20 ಲಕ್ಷ.

ವರ್ಕಾಡಿಯವರಿಗೆ ಇನ್ನೊಂದು ತಾಪತ್ರಯ. ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ನಮಗೆ ಮಗ್ಗುಲಲ್ಲಿ, ಕಣ್ಣೂರು ವಿಶ್ವವಿದ್ಯಾನಿಲಯ ಬಹಳ ದೂರ. ಹುಡುಗರು ಓದುವುದು, ಆಡುವುದು ಗಡಿಯ ಆಚೆ. ರೇಷನ್ ಕಾರ್ಡು ಈಚೆ. ಕೇರಳದ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವ ಮೊದಲು ಸರ್ಟಿಫಿಕೇಟಿನಲ್ಲಿ ಯಾವ ರಾಜ್ಯದ ಹೆಸರಿದೆ ಎಂದು ನೋಡಲೇಬೇಕು. ರೈಲ್ವೆಯಂಥ ಕೇಂದ್ರದ ನೌಕರಿಗೆ ಈ ಗೊಂದಲ ಕಡಿಮೆ. ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕೂಟದ ಸ್ಥಾನಕ್ಕೆ ಅಲ್ಲಿ ಬೆಲೆಯಿದೆ, ಅದು ಕೊಣಾಜೆಯಿಂದ ಬಂದರೂ ಕಣ್ಣೂರಿನಿಂದ ಬಂದರೂ.

ಕುಂಬಳೆಯ ಜಗದೀಶ್ ಕುಂಬ್ಳೆ ಬೆಂಗಾಲ್ ವಾರಿಯರ್ಸ್, ತೆಲುಗು ಟೈಟನ್ಸ್ ತಂಡಗಳ ಕೋಚ್ ಆದರಲ್ಲ, ಆ ದಾರಿ ಇದೆಯಲ್ಲ ಎಂದು ಅಳಿಯ ವಾದಿಸುತ್ತಾನೆ. ಇದೆ. ಆದರೆ ಲೀಗಿನಲ್ಲಿರುವುದು ಹನ್ನೆರಡು ತಂಡ.

ಅವನಿಗೆ ಈಗ ಇಪ್ಪತ್ತಮೂರು. ರೀಫಂಡಿನ 90 ಸಾವಿರ ಬಂದರೆ ಬೈಕಿಗೆ ಎಂದು ಅವನು, ಅಡಿಕೆ ತೋಟದ ಸೊಸೈಟಿ ಸಾಲಕ್ಕೆ ಎಂದು ತಂಗಿ. ಸಾಲದ ಬಡ್ಡಿ ನೋಡಿ ನಾನು ತಂಗಿಯ ಕಡೆ ಸೇರಿದ್ದೇನೆ. ರೈಲ್ವೆ ಅರ್ಜಿ ಮಾತ್ರ ಅವನೇ ತುಂಬುತ್ತಿದ್ದಾನೆ, ಮುಂದಿನ ಹರಾಜಿಗೆ ಹೆಸರು ಕೊಡುವುದನ್ನೂ ಬಿಟ್ಟಿಲ್ಲ.