ಅನ್ನದ ಬಟ್ಟಲು: ನಂದಗಡದ ಅಕ್ಕಿ, ಜಪಾನಿನ ದೊನ್ಬುರಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು ಮಳೆಯ ಸೀಮೆ, ಭತ್ತದ ಸೀಮೆ. ಅದರ ಪಶ್ಚಿಮದಲ್ಲಿ ಸಹ್ಯಾದ್ರಿಯ ಸಾಲು. ಅಲ್ಲಿಯ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಖಾನಾಪುರದಿಂದ ಹಳಿಯಾಳದ ಕಡೆಗೆ ಹೊರಟವರಿಗೆ ದಾರಿಯಲ್ಲಿ ನಂದಗಡ ಸಿಗುತ್ತದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದ ಊರೆಂದು ನಾಡಿಗೆಲ್ಲ ಇದರ ಪರಿಚಯವುಂಟು. ಇಲ್ಲಿಯವರಂತೆಯೇ ಅನ್ನವನ್ನು ನಂಬಿ ಬದುಕಿದ ಇನ್ನೊಂದು ಜನಾಂಗ ಜಪಾನಿನದು. ಆ ದೇಶದ ಅನ್ನದ ಬಟ್ಟಲನ್ನು ನಂದಗಡದ ಮನೆಯೊಂದರಲ್ಲಿ ಸಿದ್ಧಪಡಿಸುವುದು ಸಾಧ್ಯವೇ? ಸಾಧ್ಯವಾದರೆ ಅದರಿಂದ ನಾವು ಕಲಿಯಬೇಕಾದುದೇನು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಬಟ್ಟಲೊಂದು, ಬಗೆ ಹಲವು

ಜಪಾನೀ ಭಾಷೆಯಲ್ಲಿ 'ದೊನ್ಬುರಿ' ಎಂದರೆ ಆಳವಾದ ಬಟ್ಟಲು. ಅದರಲ್ಲಿ ಬಿಸಿ ಅನ್ನವನ್ನು ಹಾಕಿ, ಮೇಲೆ ಬೇಯಿಸಿದ ಪದಾರ್ಥವನ್ನು ಅದರ ರಸದೊಡನೆ ಹರಡಿದರೆ ಆ ಊಟಕ್ಕೂ ಅದೇ ಹೆಸರು. ಮೇಲಿನ ಪದಾರ್ಥ ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತದೆ. ಉತ್ತರದ ಹೊಕ್ಕೈದೊ ದ್ವೀಪದ ಓಬಿಹಿರೊ ಪಟ್ಟಣದಲ್ಲಿ ಹಂದಿಯ ಮಾಂಸವನ್ನು ಸುಟ್ಟು ಸಿಹಿಯಾದ ಸೋಯಾ ರಸದಲ್ಲಿ ಅದ್ದಿ ಇಡುತ್ತಾರೆ. ಸುತ್ತಣ ತೊಕಾಚಿ ಬಯಲು ಬೇಸಾಯಕ್ಕೂ ಪಶುಪಾಲನೆಗೂ ಹೆಸರಾದುದು. ಟೋಕಿಯೋದ ಫುಕಗಾವಾ ಭಾಗದ ಬಟ್ಟಲಿನಲ್ಲಿ ಕೊಲ್ಲಿಯ ಚಿಪ್ಪುಮೀನಿರುತ್ತದೆ. ಫುಕುಯಿಯಲ್ಲಿ ಕರಿದ ಮಾಂಸದ ಹಲ್ಲೆಯನ್ನು ಸಾಸ್‌ನಲ್ಲಿ ಮುಳುಗಿಸಿ ಇಡುವುದು ವಾಡಿಕೆ. ಕೋಳಿಮಾಂಸವನ್ನೂ ಮೊಟ್ಟೆಯನ್ನೂ ಕೂಡಿಸಿದ 'ಒಯಕೊದೊನ್' ದೇಶದಲ್ಲೆಲ್ಲ ಪ್ರಚಾರದಲ್ಲಿದೆ. ಆ ಹೆಸರಿನ ಅರ್ಥ 'ತಾಯಿ-ಮಗುವಿನ ಬಟ್ಟಲು' ಎಂದು. ಮೇಲಿನದು ಹೇಗೆ ಬದಲಾದರೂ ತಳದ ಅನ್ನ ಮಾತ್ರ ಒಂದೇ ಬಗೆಯದು: ತುಸು ಅಂಟಾದುದು, ಕಡ್ಡಿಗಳಿಂದ ಎತ್ತಿದರೆ ಮುದ್ದೆಯಾಗಿ ಬರುವಂಥದು.

ಅಂಟಿನ ಗುಟ್ಟು

ಅಕ್ಕಿಯ ಕಾಳಿನ ಬಹುಭಾಗ ಪಿಷ್ಟ. ಈ ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ. ಅಮೈಲೋಸ್ ಎಂಬುದು ಹೆಚ್ಚುಕಡಿಮೆ ನೇರವಾದ ಸರಪಳಿ. ಅಮೈಲೋಪೆಕ್ಟಿನ್ ಎಂಬುದು ಮರದಂತೆ ಕವಲೊಡೆದುದು. ನೇರ ಸರಪಳಿಗಳು ಒಂದರ ಪಕ್ಕದಲ್ಲೊಂದು ಒತ್ತಾಗಿ ಸೇರಿಕೊಳ್ಳಬಲ್ಲವು. ಆದುದರಿಂದ ಅಮೈಲೋಸ್ ಹೆಚ್ಚಾಗಿರುವ ಅಕ್ಕಿಯ ಅನ್ನ ಉದುರುದುರಾಗಿ, ಆರಿದಾಗ ಗಟ್ಟಿಯಾಗಿರುತ್ತದೆ. ಕವಲಿನ ಅಣುಗಳ ಪಾಲು ಹೆಚ್ಚಾದಂತೆ ಅನ್ನ ಮೆದುವಾಗಿ ಅಂಟುತ್ತದೆ. ಜಪಾನಿನ ಸಾಮಾನ್ಯ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸಿನ ಪ್ರಮಾಣ ಶೇಕಡ 15ರಿಂದ 20ರವರೆಗೆ ಇರುತ್ತದೆ. ನಮ್ಮ ನಾಡಿನ ಅನೇಕ ತಳಿಗಳಲ್ಲಿ ಅದು ಶೇಕಡ 20ನ್ನು ಮೀರುತ್ತದೆ.

ಹಾಗಾದರೆ ಬೆಳಗಾವಿ ಸೀಮೆಯವರು ಯಾವ ಅಕ್ಕಿಯನ್ನು ಆರಿಸಬೇಕು? ಸೋನಾ ಮಸೂರಿಯ ಅನ್ನ ಬಿಡಿಬಿಡಿಯಾಗಿರುವುದರಿಂದ ಸಾರಿಗೆ ಒಳ್ಳೆಯದು, ಬಟ್ಟಲಿಗಲ್ಲ. ಈ ಕೆಲಸಕ್ಕೆ ಹೊಂದುವುದು ಇಂದ್ರಾಯಣಿ. ಅಂಬೇಮೋಹರ್-157 ಮತ್ತು ಐ.ಆರ್.-8 ತಳಿಗಳ ಸಂಕರದಿಂದ ಮಹಾರಾಷ್ಟ್ರದ ವಡಗಾಂವ ಮಾವಳದ ಸಂಶೋಧನಾ ಕೇಂದ್ರದಲ್ಲಿ ಇದನ್ನು ರೂಪಿಸಿ 1987ರಲ್ಲಿ ಬಿಡುಗಡೆ ಮಾಡಿದರು. ಇದಕ್ಕೆ ಪರಿಮಳವೂ ಉಂಟು, ಮಿತವಾದ ಅಂಟೂ ಉಂಟು. ಜಪಾನಿನ ಅಕ್ಕಿಯ ಪ್ರತಿರೂಪವಲ್ಲದಿದ್ದರೂ ನಮಗೆ ಸುಲಭವಾಗಿ ದೊರೆಯುವವುಗಳಲ್ಲಿ ಅದಕ್ಕೆ ಹತ್ತಿರವಾದುದು.

ಅನ್ನ ಮಾಡುವ ಕ್ರಮ

ಒಬ್ಬರಿಗೆ 150 ಗ್ರಾಂ ಅಕ್ಕಿ ಸಾಕು. ಎರಡು ಮೂರು ನೀರಿನಲ್ಲಿ ಮೃದುವಾಗಿ ತೊಳೆದು, ಅಳತೆಯಲ್ಲಿ ಅಕ್ಕಿಯ ಒಂದೂಕಾಲು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಬೇಕು. ನೆನೆದ ಕಾಳಿನ ನಡುವಿನವರೆಗೂ ನೀರು ಇಳಿದಿರುತ್ತದೆ. ನೆನೆಯದ ಕಾಳಿನಲ್ಲಿ ಹೊರಗೆ ಬೆಂದು ಒಳಗೆ ಅಕ್ಕಿಯೇ ಉಳಿಯುವ ಸಂಭವವುಂಟು. ಮುಚ್ಚಳವಿಟ್ಟು ಕುದಿ ಬರಿಸಿ, ಉರಿಯನ್ನು ತಗ್ಗಿಸಿ, ನೀರು ಪೂರ್ತಿ ಇಂಗುವವರೆಗೆ ಹದಿನೈದು ನಿಮಿಷಗಳಷ್ಟು ಕಾಲ ಬೇಯಿಸಬೇಕು. ಅನಂತರ ಉರಿಯಾರಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಬೇಕು.

ಈ ಅವಧಿಯಲ್ಲಿ ನಡೆಯುವುದೇನು? ಸುಮಾರು 60ರಿಂದ 75 ಡಿಗ್ರಿ ಸೆಂಟಿಗ್ರೇಡಿನ ನಡುವೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಬಲಿಯಂತಾಗುತ್ತವೆ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಗಲ್ಲ, 97 ಮತ್ತು 98 ಡಿಗ್ರಿಗಳ ನಡುವೆಯೇ ಕುದಿಯುತ್ತದೆ. ಈ ಸೀಮೆಯಲ್ಲಿ ಅನ್ನ ಬೇಯಲು ಕರಾವಳಿಗಿಂತ ತುಸು ಹೆಚ್ಚು ಹೊತ್ತು ಬೇಕಾಗುವುದು ಸಹಜ. ಭಾರವಾದ ಮುಚ್ಚಳ ಆವಿ ಹೊರಹೋಗುವುದನ್ನು ತಡೆಯುತ್ತದೆ.

ಮೇಲಿನ ಪದಾರ್ಥ

ಒಯಕೊದೊನ್ ಮಾಡಲು ಅರ್ಧ ಈರುಳ್ಳಿಯನ್ನು ಹೆಚ್ಚಿ, ಅರ್ಧ ಲೋಟ ನೀರು, ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ ಸೇರಿಸಿ ಕುದಿಸಿ. ಜಪಾನಿನಲ್ಲಿ ಬರಿಯ ನೀರಿನ ಬದಲು ಸಮುದ್ರದ ಪಾಚಿಯ ಕಷಾಯವನ್ನು ಬಳಸುತ್ತಾರೆ. ಅದರ ರುಚಿಗೆ ಕಾರಣ ಗ್ಲುಟಾಮೇಟ್ ಎಂದು 1908ರಲ್ಲಿ ತೋರಿಸಿದವರು ಇಕೆದಾ ಕಿಕುನಾಯೆ. ಅದೇ ವಸ್ತು ಹಣ್ಣಾದ ಟೊಮ್ಯಾಟೊದಲ್ಲಿಯೂ ಇರುವುದರಿಂದ ಒಂದು ಟೊಮ್ಯಾಟೊವನ್ನು ಕಿವುಚಿ ಹಾಕಿದರೆ ನಮಗೆ ಸಾಕು. ಈ ರಸದಲ್ಲಿ 100 ಗ್ರಾಂ ಕೋಳಿಮಾಂಸವನ್ನು ಚೆನ್ನಾಗಿ ಬೇಯಿಸಿ, ಕಲಕಿದ ಎರಡು ಮೊಟ್ಟೆಗಳನ್ನು ಸುರಿದು ಮುಚ್ಚಬೇಕು. ಜಪಾನೀಯರು ಮೊಟ್ಟೆಯನ್ನು ಅರೆಗಟ್ಟಿಯಾಗಿ ಬಿಡುವುದುಂಟು. ನಮ್ಮಲ್ಲಿ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸುವುದು ಕ್ಷೇಮ. ಮಾಂಸ ತಿನ್ನದವರು ಅದೇ ರಸದಲ್ಲಿ ಹುರುಳಿಯ ಮೊಳಕೆಯನ್ನು ಮೆತ್ತಗಾಗುವಂತೆ ಬೇಯಿಸಿ ಹಾಕಬಹುದು. ಅನ್ನದ ಮೇಲೆ ಹರಡಿದಾಗ ರಸ ಕೆಳಗಿಳಿದು ಪ್ರತಿ ಅಗುಳಿಗೂ ತಾಕುತ್ತದೆ.

ಬಿಳಿ ಅನ್ನಕ್ಕೆ ತೆತ್ತ ಬೆಲೆ

ಇಷ್ಟಕ್ಕೇ ಪಾಠ ಮುಗಿಯಲಿಲ್ಲ. ಮೇಲಿನ ಪದಾರ್ಥವಿಲ್ಲದೆ, ಬಿಳಿಯ ಅನ್ನವನ್ನಷ್ಟೇ ನೆಚ್ಚಿದುದರ ಫಲವೇನೆಂಬುದನ್ನು ಜಪಾನಿನ ಇತಿಹಾಸವೇ ಹೇಳುತ್ತದೆ. ಅಕ್ಕಿಯ ಮೇಲಣ ತೌಡನ್ನು ತೆಗೆದು ನಯಗೊಳಿಸಿದ ಬಿಳಿ ಅಕ್ಕಿ ಅಲ್ಲಿ ಸಿರಿವಂತಿಕೆಯ ಗುರುತಾಗಿತ್ತು. ಅದನ್ನು ಉಣ್ಣುವ ನಗರವಾಸಿಗಳಲ್ಲಿಯೂ ನಾವಿಕರಲ್ಲಿಯೂ ಕಾಲು ಬಾತು, ನರಗಳು ಸೋತು, ಕೊನೆಗೆ ಹೃದಯ ನಿಲ್ಲುವ ಬೆರಿಬೆರಿ ರೋಗ ಹಬ್ಬಿತು. 1882-83ರಲ್ಲಿ 'ರ್ಯೂಜೊ' ಎಂಬ ತರಬೇತಿ ನೌಕೆಯ ದೀರ್ಘಯಾನದಲ್ಲಿ 376 ಮಂದಿಯ ಪೈಕಿ 169 ಮಂದಿ ರೋಗಕ್ಕೆ ತುತ್ತಾದರು. 25 ಮಂದಿ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಅವರು 1884ರಲ್ಲಿ 'ತ್ಸುಕುಬಾ' ನೌಕೆಯನ್ನು ಅದೇ ಮಾರ್ಗದಲ್ಲಿ ಕಳುಹಿಸಿ, ನಾವಿಕರಿಗೆ ಮಾಂಸ, ಹಾಲು, ರೊಟ್ಟಿಗಳನ್ನು ಕೂಡಿಸಿದ ಊಟ ಕೊಡಿಸಿದರು. ಈ ಸಲ ರೋಗ ತಗುಲಿದುದು ಕೆಲವರಿಗೆ ಮಾತ್ರ. ಅದರಿಂದ ಒಬ್ಬರೂ ಸಾಯಲಿಲ್ಲ. ಸಸಾರಜನಕದ ಕೊರತೆಯೇ ರೋಗದ ಕಾರಣವೆಂದು ತಕಾಕಿಯವರು ಬಗೆದರು. ಊಹೆ ತಪ್ಪಾಗಿತ್ತು, ಉಪಾಯ ಸರಿಯಾಗಿತ್ತು. ಅವರ ಮಾತನ್ನು ಒಪ್ಪದ ಭೂಸೇನೆ ಬಿಳಿ ಅಕ್ಕಿಯನ್ನೇ ಮುಂದುವರಿಸಿ, 1904-05ರ ರಷ್ಯಾ ಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಈ ರೋಗಕ್ಕೆ ಬಲಿಕೊಟ್ಟಿತು.

ನಿಜವಾದ ಕಾರಣ ತೌಡಿನಲ್ಲಿತ್ತು. ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಅವರು ನಯಗೊಳಿಸಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಇಂಥದೇ ರೋಗ ಬರುವುದನ್ನೂ ತೌಡಿನಿಂದ ಅದು ಗುಣವಾಗುವುದನ್ನೂ ಕಂಡಿದ್ದರು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ತೌಡಿನಲ್ಲಿರುವ ಆ ವಸ್ತುವೇ ಥಯಮಿನ್, ಅಂದರೆ ಜೀವಸತ್ವ ಬಿ-1.

ಒಂದು ಲೆಕ್ಕ ಮಾಡಿ ನೋಡೋಣ. ವಯಸ್ಕರಿಗೆ ದಿನಕ್ಕೆ ಒಂದರಿಂದ ಒಂದೂವರೆ ಮಿಲಿಗ್ರಾಂ ಥಯಮಿನ್ ಬೇಕು. ನಯಗೊಳಿಸಿದ ಅಕ್ಕಿಯ 100 ಗ್ರಾಂನಲ್ಲಿ ಸುಮಾರು 0.07 ಮಿಲಿಗ್ರಾಂ ಇರುತ್ತದೆ. 400 ಗ್ರಾಂ ಅಕ್ಕಿಯ ಅನ್ನ ಉಂಡರೂ ದೊರೆಯುವುದು 0.28 ಮಾತ್ರ, ತೊಳೆದ ನೀರಿನಲ್ಲಿಯೂ ಬಸಿದ ಗಂಜಿಯಲ್ಲಿಯೂ ಅದರಲ್ಲಷ್ಟು ಹೋಗುತ್ತದೆ. ತೌಡುಳ್ಳ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 0.4 ಮಿಲಿಗ್ರಾಂ ಇರುತ್ತದೆ. ಬೇಳೆಕಾಳುಗಳಲ್ಲಿ ಸಾಮಾನ್ಯವಾಗಿ 0.3ರಿಂದ 0.5ರಷ್ಟುಂಟು. ಭತ್ತವನ್ನೇ ಬೇಯಿಸಿ ಒಣಗಿಸಿ ಅಕ್ಕಿ ಮಾಡುವ ನಮ್ಮ ಕುಚ್ಚಲಕ್ಕಿಯ ಪದ್ಧತಿಯಲ್ಲಿ ತೌಡಿನ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಆದುದರಿಂದ ಗಿರಣಿಯಲ್ಲಿ ತೌಡು ಹೋದರೂ ಒಂದಿಷ್ಟು ಉಳಿಯುತ್ತದೆ.

ಈ ಲೆಕ್ಕ ವಸತಿಗೃಹಗಳಲ್ಲಿ ತಿಳಿಸಾರು, ಬಿಳಿ ಅನ್ನಗಳಿಂದ ಹೊಟ್ಟೆ ತುಂಬಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಸಲ್ಲುತ್ತದೆ. ನೀರು ಇಂಗುವಂತೆ ಬೇಯಿಸಿದ ಅನ್ನ, ಮೇಲೆ ಕಾಳು ಅಥವಾ ಮೊಟ್ಟೆ ಅಥವಾ ಮಾಂಸ: ದೊನ್ಬುರಿಯ ಈ ಕ್ರಮ ರುಚಿಗಾಗಿ ಹುಟ್ಟಿದ್ದರೂ ಆರೋಗ್ಯಕ್ಕೂ ಸರಿಯಾದುದು. ನಮ್ಮವರ ಅನ್ನ-ಪಿಟ್ಲದ ಊಟದಲ್ಲಿಯೂ ಕಡಲೆಹಿಟ್ಟು ಅನ್ನದ ಕೊರತೆಯನ್ನು ತುಂಬುತ್ತದೆ.

ಉಳಿದ ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಬೆಚ್ಚಗಿನ ಅನ್ನದಲ್ಲಿ ಮೊಳೆತು ವಾಂತಿ ಬರಿಸುವ ವಿಷವನ್ನು ಉಂಟುಮಾಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷ ನಾಶವಾಗದು. ಅನ್ನವನ್ನು ಬೇಗನೆ ಆರಿಸಿ ಶೀತಪೆಟ್ಟಿಗೆಯಲ್ಲಿಡತಕ್ಕದ್ದು.

ಮಾಡಿ ನೋಡಿ

ಇಂದ್ರಾಯಣಿ, ಸೋನಾ ಮಸೂರಿಗಳನ್ನು ಒಂದೇ ತೂಕದಲ್ಲಿ, ಒಂದೇ ಅಳತೆಯ ನೀರಿನಲ್ಲಿ, ಬೇರೆ ಬೇರೆಯಾಗಿ ಬೇಯಿಸಿ. ಬೆಚ್ಚಗಿರುವಾಗ ಒಂದೊಂದು ಉಂಡೆ ಕಟ್ಟಿ, ಒಂದು ಗೇಣು ಎತ್ತರದಿಂದ ತಟ್ಟೆಗೆ ಬೀಳಿಸಿ. ಯಾವುದು ಒಡೆಯುತ್ತದೆ, ಯಾವುದು ಉಳಿಯುತ್ತದೆ? ಇನ್ನೆರಡು ಉಂಡೆಗಳನ್ನು ಒಂದು ರಾತ್ರಿ ಶೀತಪೆಟ್ಟಿಗೆಯಲ್ಲಿಟ್ಟು, ಬೆಳಿಗ್ಗೆ ಬೆರಳಿನಿಂದ ಒತ್ತಿ ಗಟ್ಟಿತನವನ್ನು ಹೋಲಿಸಿ. ಎರಡರ ಫಲಿತಾಂಶಕ್ಕೂ ಕಾರಣವನ್ನು ಅಣುಗಳ ಆಕಾರದಿಂದಲೇ ವಿವರಿಸಲು ಪ್ರಯತ್ನಿಸಿ.