ಕಿರುಸಂದೇಶ: ವ್ಯಾಪಾರಿಯ ಸಾಧನ, ಗ್ರಾಹಕನ ರಕ್ಷೆ

ಮೊಬೈಲ್ ದೂರವಾಣಿಯು ಮೂಲತಃ ಮಾತನಾಡುವುದಕ್ಕಾಗಿ ರೂಪುಗೊಂಡ ಸಾಧನ. ಕಾಲಕ್ರಮದಲ್ಲಿ ಅದರ ಪರದೆಯ ಮೇಲೆ ಮೂಡುವ ಎರಡು ಮೂರು ಸಾಲುಗಳ ಬರಹವೂ ಮಾತಿನಷ್ಟೇ ಮಹತ್ವವನ್ನು ಪಡೆಯಿತು. ಬ್ಯಾಂಕಿನ ಖಾತೆಯಿಂದ ಹಣ ಹೋದುದು, ರೈಲಿನಲ್ಲಿ ಆಸನ ಖಚಿತವಾದುದು, ಅಡುಗೆ ಅನಿಲದ ಸಿಲಿಂಡರು ಮನೆಗೆ ಹೊರಟಿರುವುದು ಮೊದಲಾದ ಸಂಗತಿಗಳು ಜನರಿಗೆ ಬಹುಮಟ್ಟಿಗೆ ಕಿರುಸಂದೇಶ, ಅಂದರೆ ಎಸ್‌ಎಂಎಸ್ ಮೂಲಕವೇ ತಿಳಿಯುತ್ತವೆ. ವ್ಯಾಪಾರಿಗೆ ಇದು ಕಡಿಮೆ ವೆಚ್ಚದಲ್ಲಿ ಗ್ರಾಹಕನನ್ನು ತಲುಪುವ ದಾರಿ. ಗ್ರಾಹಕನಿಗೆ ರಸೀದಿಯೂ ಹೌದು, ಎಚ್ಚರಿಕೆಯ ಗಂಟೆಯೂ ಹೌದು. ವಂಚಕನ ಕೈಯಲ್ಲಿ ಇದೇ ಬರಹವು ಗಾಳವಾಗುತ್ತದೆ. ಆದುದರಿಂದ ಸಂದೇಶವು ಯಾರಿಂದ ಬಂದಿದೆ, ಯಾವ ಉದ್ದೇಶಕ್ಕಾಗಿ ಬಂದಿದೆ, ಅದನ್ನು ಓದಿದ ಮೇಲೆ ಏನನ್ನು ಎಷ್ಟು ಬೇಗ ಮಾಡಬೇಕು ಎಂಬ ಮೂರು ವಿಷಯಗಳ ತಿಳಿವಳಿಕೆ ಪ್ರತಿಯೊಬ್ಬ ಬಳಕೆದಾರನಿಗೂ ಅಗತ್ಯ.

ಸಂದೇಶ ಸಾಗುವ ಬಗೆ

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರು ತಮ್ಮ ಕಂಪ್ಯೂಟರಿನಿಂದ ವೊಡಾಫೋನ್ ಸಂಸ್ಥೆಯ ರಿಚರ್ಡ್ ಜಾರ್ವಿಸ್ ಅವರ ಮೊಬೈಲಿಗೆ ಕ್ರಿಸ್‌ಮಸ್ ಶುಭಾಶಯವನ್ನು ಕಳುಹಿಸಿದರು. ಇದೇ ಪ್ರಪಂಚದ ಮೊದಲ ಕಿರುಸಂದೇಶವೆಂದು ಪರಿಗಣಿತವಾಗಿದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತಾ ಮತ್ತು ದೆಹಲಿಗಳ ನಡುವೆ ನಡೆಯಿತು.

ಕಳುಹಿಸಿದ ಸಂದೇಶವು ನೇರವಾಗಿ ಇನ್ನೊಬ್ಬರ ಮೊಬೈಲಿಗೆ ಹೋಗುವುದಿಲ್ಲ. ಅದು ಮೊದಲು ದೂರಸಂಪರ್ಕ ಕಂಪನಿಯ ಸಂದೇಶ ಕೇಂದ್ರವನ್ನು ಸೇರುತ್ತದೆ. ಅಂಚೆ ಕಚೇರಿಯು ಕಾಗದವನ್ನು ಇಟ್ಟುಕೊಂಡು ಬಟವಾಡೆ ಮಾಡುವಂತೆ, ಈ ಕೇಂದ್ರವು ಸಂದೇಶವನ್ನು ಕಾಯ್ದಿರಿಸಿ, ಮೊಬೈಲು ಸಂಪರ್ಕಕ್ಕೆ ದೊರೆತ ಕೂಡಲೇ ತಲುಪಿಸುತ್ತದೆ. ಕರೆ ಬಂದಾಗ ಗ್ರಾಹಕನು ಕೆಲಸದಲ್ಲಿದ್ದರೆ ಮಾತು ತಪ್ಪಿಹೋಗುತ್ತದೆ. ಸಂದೇಶವಾದರೋ ಆತನಿಗಾಗಿ ಕಾದಿರುತ್ತದೆ. ಇದಕ್ಕೆ ಇಂಟರ್‌ನೆಟ್ ಸಂಪರ್ಕ ಬೇಕಿಲ್ಲ; ಗುಂಡಿಗಳುಳ್ಳ ಅತಿ ಸಾಧಾರಣ ಮೊಬೈಲೂ ಸಾಕು. ಬಗೆಬಗೆಯ ಹೊಸ ಸಂದೇಶ ಸೌಲಭ್ಯಗಳು ಬಂದ ಮೇಲೂ ಬ್ಯಾಂಕುಗಳೂ ಸರ್ಕಾರಿ ಇಲಾಖೆಗಳೂ ಕಿರುಸಂದೇಶವನ್ನು ಕೈಬಿಡದಿರಲು ಇದು ಮುಖ್ಯ ಕಾರಣ.

ಕನ್ನಡ ಸಂದೇಶಕ್ಕೆ ಎಪ್ಪತ್ತರ ಮಿತಿ

ಒಂದು ಕಿರುಸಂದೇಶದಲ್ಲಿ ಬರಹಕ್ಕೆ ದೊರೆಯುವ ಸ್ಥಳ 140 ಬೈಟ್ ಮಾತ್ರ. ಇಂಗ್ಲಿಷ್ ಬರಹದಲ್ಲಿ ಇದರೊಳಗೆ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡ, ತಮಿಳು, ಹಿಂದಿ ಮುಂತಾದ ಲಿಪಿಗಳ ಪ್ರತಿಯೊಂದು ಚಿಹ್ನೆಗೂ ಎರಡು ಬೈಟ್ ಬೇಕಾಗುವುದರಿಂದ 70 ಚಿಹ್ನೆಗಳು ಮಾತ್ರ ಹಿಡಿಯುತ್ತವೆ. ಅದರಲ್ಲಿಯೂ ಸ್ವರಚಿಹ್ನೆ ಮತ್ತು ಒತ್ತಕ್ಷರಗಳನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ‘ಕೃಷ್ಣ’ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರ. ಲೆಕ್ಕದಲ್ಲಿ ಅದು ಐದು. ಬರಹವು ಮಿತಿಯನ್ನು ಮೀರಿದರೆ ಸಂದೇಶವು ಭಾಗಗಳಾಗಿ ಒಡೆದು, ಪ್ರತಿಯೊಂದು ಭಾಗಕ್ಕೂ ವೆಚ್ಚ ತಗಲುತ್ತದೆ.

ಸಂಸ್ಥೆಗಳು ಇಂಗ್ಲಿಷಿನಲ್ಲಿಯೇ ಸಂದೇಶ ಕಳುಹಿಸಲು ಈ ಲೆಕ್ಕವೂ ಒಂದು ಕಾರಣ. ಇದರ ಪರಿಣಾಮವು ಗ್ರಾಹಕನ ಮೇಲೆ ಬೀಳುತ್ತದೆ. ಮುಂಬಯಿ ಅಥವಾ ಹೈದರಾಬಾದಿನಲ್ಲಿ ದುಡಿಯುವ, ಕನ್ನಡವನ್ನು ಮಾತ್ರ ಓದಬಲ್ಲ ಕಾರ್ಮಿಕನಿಗೆ ಬ್ಯಾಂಕಿನ ಎಚ್ಚರಿಕೆಯು ಅರ್ಥವಾಗದ ಗೆರೆಗಳ ಸಾಲಾಗಿ ಉಳಿಯುತ್ತದೆ. ಆದ್ದರಿಂದ ಕನ್ನಡದ ಆಯ್ಕೆ ಇರುವೆಡೆಯಲ್ಲಿ ಅದನ್ನು ಕೇಳಿ ಪಡೆಯಬೇಕು. ಉದಾಹರಣೆಗೆ, ನೌಕರರ ಭವಿಷ್ಯ ನಿಧಿ ಸಂಘಟನೆಯು ಖಾತೆಯ ವಿವರವನ್ನು ಕಿರುಸಂದೇಶದ ಮೂಲಕ ನೀಡಲು ರೂಪಿಸಿದ ಸೇವೆಯಲ್ಲಿ ಕನ್ನಡವೂ ಸೇರಿದೆ. ಕೋರಿಕೆಯ ಕೊನೆಯಲ್ಲಿ ಕೆ, ಎ, ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದರೆ ಉತ್ತರವನ್ನು ಕನ್ನಡದಲ್ಲಿ ಪಡೆಯಬಹುದು.

ವ್ಯಾಪಾರಿಗೆ ಪ್ರಯೋಜನ ಮತ್ತು ಹೊಣೆ

ಸಣ್ಣ ವ್ಯಾಪಾರಿಗೂ ಕಿರುಸಂದೇಶವು ಉಪಯುಕ್ತ. ದರ್ಜಿಯು ಬಟ್ಟೆ ಸಿದ್ಧವಾದುದನ್ನು, ಗ್ಯಾರೇಜಿನವನು ವಾಹನದ ದುರಸ್ತಿ ಮುಗಿದುದನ್ನು, ವೈದ್ಯರ ಚಿಕಿತ್ಸಾಲಯವು ಮುಂದಿನ ಭೇಟಿಯ ದಿನವನ್ನು ತಿಳಿಸಿದರೆ ಗ್ರಾಹಕನ ಅಲೆದಾಟ ತಪ್ಪುತ್ತದೆ. ಅಂಗಡಿಯವನ ಕಾಲವೂ ಉಳಿಯುತ್ತದೆ. ಸರ್ಕಾರಿ ಸೇವೆಗಳಲ್ಲಿಯೂ ಇದೇ ಅನುಕೂಲವನ್ನು ಬಳಸಿಕೊಳ್ಳಲಾಗಿದೆ. ಇಂಟರ್‌ನೆಟ್ ಮೂಲಕ ಪಡೆದ ರೈಲು ಟಿಕೆಟಿಗೆ ಸಂಬಂಧಿಸಿದ ಸಂದೇಶವನ್ನು ಗುರುತಿನ ಚೀಟಿಯೊಡನೆ ತೋರಿಸಿ ಪ್ರಯಾಣಿಸಲು 2012ರ ಫೆಬ್ರವರಿಯಿಂದ ಅವಕಾಶವಾಯಿತು. 2013ರ ಜುಲೈ 16ರಂದು ಉದ್ಘಾಟನೆಯಾದ ಎಂ-ಕಿಸಾನ್ ಯೋಜನೆಯು ಬೆಳೆ ಮತ್ತು ಹವಾಮಾನದ ಸಲಹೆಗಳನ್ನು ರೈತರ ಮೊಬೈಲಿಗೆ ತಲುಪಿಸಿತು.

ಆದರೆ ಸಂದೇಶವು ಅಗ್ಗವಾದಂತೆ ಬೇಡದ ಜಾಹೀರಾತುಗಳ ಹಾವಳಿಯೂ ಹೆಚ್ಚಿತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಇದನ್ನು ತಡೆಯಲು 2007ರಲ್ಲಿಯೂ 2010ರಲ್ಲಿಯೂ ನಿಯಮಗಳನ್ನು ರಚಿಸಿತು. 2018ರ ಜುಲೈ ತಿಂಗಳ ನಿಯಮಾವಳಿಯು ಇನ್ನಷ್ಟು ಬಿಗಿಯಾದುದು. ಅದರಂತೆ ಗ್ರಾಹಕರಿಗೆ ವಾಣಿಜ್ಯ ಸಂದೇಶಗಳನ್ನು ಕಳುಹಿಸುವ ಸಂಸ್ಥೆಯು ದೂರಸಂಪರ್ಕ ಕಂಪನಿಗಳ ದಾಖಲೆಯಲ್ಲಿ ತನ್ನ ಹೆಸರನ್ನೂ, ಸಂದೇಶದ ಮೇಲೆ ಕಾಣುವ ಶಿರೋನಾಮವನ್ನೂ, ಬರಹದ ಮಾದರಿಯನ್ನೂ ಮುಂಚಿತವಾಗಿ ನೋಂದಾಯಿಸಬೇಕು. ನೋಂದಾಯಿತ ಮಾದರಿಗೆ ಹೊಂದದ ಸಂದೇಶವನ್ನು ಕಂಪನಿಯು ತಡೆಯುತ್ತದೆ. 2024ರ ಅಕ್ಟೋಬರ್ 1ರಿಂದ, ಮೊದಲೇ ಒಪ್ಪಿಗೆ ಪಡೆಯದ ಕೊಂಡಿಗಳನ್ನು ಒಳಗೊಂಡ ವಾಣಿಜ್ಯ ಸಂದೇಶಗಳನ್ನೂ ತಡೆಯುವಂತೆ ಆದೇಶಿಸಲಾಯಿತು. ಪ್ರಾಮಾಣಿಕ ವ್ಯಾಪಾರಿಗೆ ಇದು ಹೆಚ್ಚಿನ ಕೆಲಸವೆನಿಸಬಹುದು. ಆದರೆ ಸಂದೇಶಗಳನ್ನು ಜನರು ನಂಬದಂತಾದರೆ ಆತನ ಸಂದೇಶವನ್ನೂ ಯಾರೂ ಓದುವುದಿಲ್ಲ.

ಕಳುಹಿಸಿದವರನ್ನು ಗುರುತಿಸುವ ಬಗೆ

ನೋಂದಾಯಿತ ಸಂಸ್ಥೆಯ ಸಂದೇಶದ ಮೇಲೆ ಸಾಮಾನ್ಯವಾಗಿ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆ ಇರುವುದಿಲ್ಲ. ಅದರ ಬದಲು ಶಿರೋನಾಮವಿರುತ್ತದೆ. 2025ರ ಫೆಬ್ರವರಿಯ ತಿದ್ದುಪಡಿಯು ಈ ಶಿರೋನಾಮದ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವನ್ನು ಸೇರಿಸುವ ವ್ಯವಸ್ಥೆ ಮಾಡಿತು. ‘ಪಿ’ ಎಂದಿದ್ದರೆ ಜಾಹೀರಾತು, ‘ಎಸ್’ ಎಂದಿದ್ದರೆ ಸೇವೆಯ ಮಾಹಿತಿ, ‘ಟಿ’ ಎಂದಿದ್ದರೆ ವಹಿವಾಟಿನ ಸಂದೇಶ, ‘ಜಿ’ ಎಂದಿದ್ದರೆ ಸರ್ಕಾರಿ ಸಂದೇಶ. ಇಂಗ್ಲಿಷ್ ಓದಲು ಬಾರದವರೂ ಈ ನಾಲ್ಕು ಅಕ್ಷರಗಳನ್ನು ಕಲಿತರೆ, ಯಾವ ಸಂದೇಶವನ್ನು ಕೂಡಲೇ ಯಾರಿಂದಲಾದರೂ ಓದಿಸಿಕೊಳ್ಳಬೇಕೆಂಬುದನ್ನು ತಿಳಿಯಬಹುದು.

‘ಬ್ಯಾಂಕಿನಿಂದ’ ಅಥವಾ ‘ವಿದ್ಯುತ್ ಕಚೇರಿಯಿಂದ’ ಎಂದು ಹೇಳಿಕೊಳ್ಳುವ ಬರಹವು ಸಾಧಾರಣ ಹತ್ತಂಕಿಯ ಸಂಖ್ಯೆಯಿಂದ ಬಂದಿದ್ದರೆ ಅದನ್ನು ಸಂಶಯದಿಂದಲೇ ಕಾಣಬೇಕು. ‘ಇಂದು ರಾತ್ರಿ ವಿದ್ಯುತ್ ಕಡಿತವಾಗುವುದು’, ‘ಖಾತೆ ಸ್ಥಗಿತವಾಗುವುದು’ ಎಂದು ಹೆದರಿಸಿ, ಒಂದು ಕೊಂಡಿಯನ್ನು ಒತ್ತಲು ಇಲ್ಲವೇ ಒಂದು ಸಂಖ್ಯೆಗೆ ಕರೆ ಮಾಡಲು ಅವಸರಪಡಿಸುವುದು ವಂಚಕರ ಸಾಮಾನ್ಯ ವಿಧಾನ. ಅಂಥ ಸಂದರ್ಭದಲ್ಲಿ ಸಂದೇಶದಲ್ಲಿರುವ ಸಂಖ್ಯೆಯನ್ನು ಬಿಟ್ಟು, ಪಾಸ್‌ಬುಕ್, ಕಾರ್ಡು ಅಥವಾ ಹಳೆಯ ಬಿಲ್ಲಿನ ಮೇಲೆ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬೇಕು.

ಹಣದ ಸಂದೇಶವನ್ನು ಕೂಡಲೇ ಓದಬೇಕು

ಖಾತೆಯಿಂದ ಹಣ ಹೋದಾಗ ಬರುವ ಸಂದೇಶಕ್ಕೆ ಕಾನೂನಿನ ದೃಷ್ಟಿಯಿಂದಲೂ ಬೆಲೆಯಿದೆ. ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ನಡೆದ ಅನಧಿಕೃತ ವಹಿವಾಟನ್ನು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕನು ಬ್ಯಾಂಕಿಗೆ ತಿಳಿಸಿದರೆ ಆತನು ನಷ್ಟವನ್ನು ಹೊರಬೇಕಾಗಿಲ್ಲವೆಂದು ವಿಧಿಸಿತು. ನಾಲ್ಕರಿಂದ ಏಳು ದಿನಗಳಾದರೆ ಹೊಣೆಯು ಒಂದು ಮಿತಿಗೆ ಒಳಪಡುತ್ತದೆ. ಅದನ್ನೂ ಮೀರಿದರೆ ಬ್ಯಾಂಕಿನ ನೀತಿಯಂತೆ ತೀರ್ಮಾನವಾಗುತ್ತದೆ. ಅಂದರೆ ಸಂದೇಶವನ್ನು ಓದದೆ ಬಿಟ್ಟ ಪ್ರತಿಯೊಂದು ದಿನವೂ ಗ್ರಾಹಕನ ಹಕ್ಕನ್ನು ಕುಗ್ಗಿಸುತ್ತದೆ. ಇಂಥ ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಸದ್ಯದ ಅವಧಿಯನ್ನು ತಮ್ಮ ಬ್ಯಾಂಕಿನಲ್ಲಿ ಕೇಳಿ ತಿಳಿದಿರಬೇಕು.

ಗ್ರಾಹಕನು ತಾನೇ ಒ.ಟಿ.ಪಿ. ಅಥವಾ ಗುಪ್ತಸಂಖ್ಯೆಯನ್ನು ಪರರಿಗೆ ಹೇಳಿ ನಷ್ಟ ಹೊಂದಿದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವು ಆತನದೇ ಎಂದೂ ಅದೇ ಸುತ್ತೋಲೆ ಹೇಳಿತು. ಒ.ಟಿ.ಪಿ.ಯು ಒಂದು ಸಲದ ಬೀಗದ ಕೈ ಇದ್ದಂತೆ. ಬ್ಯಾಂಕಿನವರೆಂದು ಹೇಳಿಕೊಂಡು ಯಾರೇ ಕೇಳಿದರೂ ಅದನ್ನು ಹೇಳಕೂಡದು. ಅಡುಗೆ ಅನಿಲದ ಸಿಲಿಂಡರು ಮನೆಗೆ ಬಂದಾಗ ಕೇಳುವ ಸಂಕೇತ ಸಂಖ್ಯೆಯ ವಿಷಯ ಬೇರೆ. ಅದನ್ನು ಸಿಲಿಂಡರು ಕೈಸೇರುವಾಗ ತಂದವನಿಗೆ ತಿಳಿಸಬೇಕಾಗುತ್ತದೆ. ಸಂದೇಶವನ್ನು ಪೂರ್ತಿಯಾಗಿ ಓದಿದರೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ಊರು ಬದಲಾದಾಗ

ಉದ್ಯೋಗಕ್ಕಾಗಿ ಕರ್ನಾಟಕದಿಂದ ಪುಣೆಗೋ ಚೆನ್ನೈಗೋ ಹೋದವರು ಹೊಸ ಸಿಮ್ ಕೊಂಡು, ಹಳೆಯ ಸಂಖ್ಯೆಯನ್ನು ಮರೆತುಬಿಡುವುದುಂಟು. ಖಾತೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಎಚ್ಚರಿಕೆಯ ಸಂದೇಶಗಳು ಖಾತೆದಾರನಿಗೆ ತಲುಪುವುದಿಲ್ಲ. ಬಹುಕಾಲ ಬಳಸದ ಸಂಖ್ಯೆಯನ್ನು ಕಂಪನಿಯು ಮತ್ತೊಬ್ಬರಿಗೆ ಕೊಟ್ಟಾಗ ಆ ಸಂದೇಶಗಳು ಅಪರಿಚಿತರ ಕೈಸೇರುವ ಅಪಾಯವೂ ಇದೆ. 2015ರ ಜುಲೈ 3ರಿಂದ, ರಾಜ್ಯ ಬದಲಾದರೂ ಅದೇ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿಯನ್ನು ಬದಲಿಸುವ ಸೌಲಭ್ಯ ದೇಶಾದ್ಯಂತ ದೊರೆತಿದೆ. ಸಂಖ್ಯೆಯನ್ನು ಬದಲಾಯಿಸಲೇಬೇಕಾದರೆ ಬ್ಯಾಂಕು, ಆಧಾರ್, ಭವಿಷ್ಯ ನಿಧಿ ಮತ್ತು ಅನಿಲ ಸಂಪರ್ಕದ ದಾಖಲೆಗಳಲ್ಲಿ ಹೊಸ ಸಂಖ್ಯೆಯನ್ನು ಮೊದಲು ಬರೆಸಿ, ಅನಂತರ ಹಳೆಯದನ್ನು ಬಿಡಬೇಕು.

ದೂರು ಸಲ್ಲಿಸುವ ಕ್ರಮ

ಬೇಡದ ಜಾಹೀರಾತುಗಳನ್ನು ನಿಲ್ಲಿಸಲು ‘ಸ್ಟಾರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಸೊನ್ನೆಯನ್ನು ಸೇರಿಸಿ 1909 ಸಂಖ್ಯೆಗೆ ಕಳುಹಿಸಬಹುದು. ಅದೇ ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಬ್ಯಾಂಕಿನ ವಹಿವಾಟಿನ ಸಂದೇಶಗಳು ಇದರಿಂದ ನಿಲ್ಲುವುದಿಲ್ಲ. ಆ ಮೇಲೂ ಜಾಹೀರಾತು ಬಂದರೆ 1909ಕ್ಕೆ ದೂರು ನೀಡಬಹುದು. ಮೊದಲು ಮೂರು ದಿನಗಳಿದ್ದ ದೂರಿನ ಅವಧಿಯನ್ನು 2025ರ ತಿದ್ದುಪಡಿಯು ಏಳು ದಿನಗಳಿಗೆ ಹೆಚ್ಚಿಸಿತು. ಹಣ ಕಳೆದುಕೊಳ್ಳದಿದ್ದರೂ ಸಂಶಯಾಸ್ಪದ ಸಂದೇಶ ಬಂದುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ಒಂದು ಕ್ಷಣವನ್ನೂ ಕಳೆಯದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಹಣವು ವಂಚಕನ ಖಾತೆಯಿಂದ ಮುಂದೆ ಸಾಗುವ ಮೊದಲೇ ಅದನ್ನು ತಡೆಹಿಡಿಯಲು ಇದರಿಂದ ಸಾಧ್ಯವಾಗಬಹುದು.

ಸಾರಾಂಶ

ಶಿರೋನಾಮವನ್ನು ನೋಡುವುದು, ಬರಹವನ್ನು ಪೂರ್ತಿ ಓದುವುದು ಅಥವಾ ನಂಬಿಕಸ್ತರಿಂದ ಓದಿಸಿಕೊಳ್ಳುವುದು, ಅವಸರಪಡಿಸುವ ಕೊಂಡಿಯನ್ನು ಒತ್ತದಿರುವುದು, ಒ.ಟಿ.ಪಿ.ಯನ್ನು ಕಾಪಾಡುವುದು, ಸಂಖ್ಯೆ ಬದಲಾದರೆ ದಾಖಲೆಗಳನ್ನು ತಿದ್ದಿಸುವುದು ಹಾಗೂ ತಪ್ಪು ಕಂಡ ದಿನವೇ ದೂರು ನೀಡುವುದು ಗ್ರಾಹಕನು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು. ಅಂಗಡಿಯ ರಸೀದಿಯನ್ನು ಜೋಪಾನವಾಗಿ ತೆಗೆದಿಡುವವರು ಮೊಬೈಲಿನ ಸಂದೇಶವನ್ನೂ ಅಷ್ಟೇ ಜಾಗರೂಕತೆಯಿಂದ ನೋಡಿದಲ್ಲಿ, ದುಡಿದ ಹಣಕ್ಕೆ ಈ ಪುಟ್ಟ ಬರಹವೇ ಕಾವಲಾಗುತ್ತದೆ.