ಚಿಕಿತ್ಸೆ ಮುಗಿದರೂ ಬಿಡದ ಸುಸ್ತು, ಚಳಿ

ಪ್ರಶ್ನೆ: ಜೋಯಿಡಾದವಳು. ಸ್ತನ ಕ್ಯಾನ್ಸರ್‌ಗೆ ಕಿಮೊ, ರೇಡಿಯೇಷನ್ ಮುಗಿದು ನಾಲ್ಕು ತಿಂಗಳಾಯಿತು. ಸುಸ್ತು ಹೋಗಿಲ್ಲ, ಮೈ ಸದಾ ತಣ್ಣಗೆ, ಪಾದ ಜೋಮು. ಏನು ಮಾಡಲಿ?

ಉತ್ತರ: ಸುಸ್ತು ತಿಂಗಳುಗಟ್ಟಲೆ ಉಳಿಯುವುದುಂಟು. ಜೊತೆಗೆ ಚಳಿಯೂ ಇದ್ದರೆ ಜೋಯಿಡಾದ ಮಳೆಯನ್ನು ದೂರಿ ಸುಮ್ಮನಿರಬೇಡಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಟಿಎಸ್‌ಎಚ್ ಪರೀಕ್ಷೆ ಮಾಡಿಸಿ; ಕೊರಳ ಬುಡಕ್ಕೆ ರೇಡಿಯೇಷನ್ ಕೊಟ್ಟಿದ್ದರೆ ಥೈರಾಯ್ಡ್ ಕುಂದಿರಬಹುದು. ವರದಿಯನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಕಬ್ಬಿಣದ ಮಾತ್ರೆ, ನಾಟಿ ಔಷಧಿ ಬೇಡ.

ಪಾದ ಜೋಮು ಎಂದಿರಿ. ಹಾಗಾದರೆ ಒಲೆಯ ಮುಂದೆ ಕಾಲು ಚಾಚಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಉಣ್ಣೆಯ ಕಾಲುಚೀಲ ಸಾಕು. ದಿನವೂ ಅಂಗಳದಲ್ಲೇ ಹತ್ತು ನಿಮಿಷ ನಡೆಯಿರಿ, ವಾರವಾರ ಸ್ವಲ್ಪ ಹೆಚ್ಚಿಸಿ. ಮಲಗಿದಷ್ಟೂ ಸುಸ್ತು ಹೆಚ್ಚುತ್ತದೆ.

ನಡುಕ, 100.4 ಡಿಗ್ರಿ ಜ್ವರ ಅಥವಾ ಉಸಿರಾಟದ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.